ಫಾರಸಿ ಬಾರದೆ ಫಾರಸಿ ಅನುವಾದಕರಾಗುವ ಕ್ರಮ

ಮೊದಲನೆಯ ಎಚ್ಚರ: ಫಾರಸಿ ಕಲಿಯಬೇಡಿ. ಕಲಿತವರೆಲ್ಲ ಕೆಟ್ಟಿದ್ದಾರೆ. ಒಂದು ಶಬ್ದದೊಳಗೆ ನಾಲ್ಕು ಅರ್ಥ ಕಾಣತೊಡಗುತ್ತವೆ, ಮೂರನ್ನು ಬಿಡಲು ಮನಸ್ಸಾಗುವುದಿಲ್ಲ, ಒಂದೇ ಪದ್ಯಕ್ಕೆ ತಿಂಗಳುಗಟ್ಟಲೆ ಕೂಡಬೇಕಾಗುತ್ತದೆ, ಕಡೆಗೆ ಪದ್ಯ ಬಿಟ್ಟು ಅಡಿಟಿಪ್ಪಣಿ ಬರೆಯುವ ಚಟ ಹತ್ತುತ್ತದೆ. ನಿಮಗೆ ಅಷ್ಟು ಪುರುಸೊತ್ತಿಲ್ಲ. ರಾಣೆಬೆನ್ನೂರಿನಲ್ಲಿ ಬರುವ ತಿಂಗಳೇ ಕವಿಗೋಷ್ಠಿ ಇದೆ, ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವುದರೊಳಗೆ ನಿಮ್ಮ ಹೆಸರಿನ ಕೆಳಗೆ ‘ಖ್ಯಾತ ಅನುವಾದಕರು’ ಎಂದು ಸೇರಬೇಕಾಗಿದೆ.

ಬೇಕಾಗುವ ಸಾಮಾನು ಸ್ವಲ್ಪವೇ. ಒಂದು ಇಂಗ್ಲಿಷ್ ಪುಸ್ತಕ, ತೆಳ್ಳಗಿದ್ದಷ್ಟೂ ಒಳ್ಳೆಯದು. ಒಂದು ಫೋನು. ಹಾವೇರಿಯ ಏಲಕ್ಕಿ ಹಾರಕ್ಕೆ ಒಂದಿಷ್ಟು ಮುಂಗಡ. ಹಾರಕ್ಕೆ ಮಾತ್ರ ಮೊದಲೇ ಹೇಳಿಡಿ. ಒಂದೇ ಗಾತ್ರದ ಕಾಯಿ ಆರಿಸಬೇಕು, ಒಂದೊಂದನ್ನೂ ಸೂಜಿಗೆ ಕೊಟ್ಟು ದಾರಕ್ಕೆ ಏರಿಸಬೇಕು, ಒಂದು ಕಾಯಿ ಇನ್ನೊಂದರ ಬೆನ್ನಿಗೆ ಸರಿಯಾಗಿ ಕೂಡಬೇಕು, ನಡುನಡುವೆ ಉಣ್ಣೆಯ ಗೊಂಡೆ, ಮಣಿ, ಜರಿ ಬರಬೇಕು. ಕಟ್ಟುವವರು ಅವಸರ ಮಾಡುವುದಿಲ್ಲ. ಅನುವಾದಕ್ಕೆ ಅಷ್ಟು ಹೊತ್ತು ಹಿಡಿದರೆ ನೀವು ಎಲ್ಲೋ ದಾರಿ ತಪ್ಪಿದ್ದೀರಿ ಎಂದೇ ತಿಳಿಯಿರಿ.

ಈಗ ಕವಿಯನ್ನು ಆರಿಸಿ. ಸತ್ತು ಆರುನೂರು ವರ್ಷವಾದರೂ ಆಗಿರಲಿ. ಉಮರ್ ಖಯ್ಯಾಮ್ ಹೋದದ್ದು 1131ರಲ್ಲಿ, ರೂಮಿ 1273ರಲ್ಲಿ, ಹಾಫಿಜ್ 1390ರ ಆಸುಪಾಸಿನಲ್ಲಿ. ಮೂವರ ವಾರಸುದಾರರೂ ಹಾವೇರಿ ಕೋರ್ಟಿಗೆ ತಕರಾರು ಹಾಕಲು ಬರುವುದಿಲ್ಲ. ಖಯ್ಯಾಮ್ ಘನ ಸಮೀಕರಣಗಳ ಮೇಲೆ ಗ್ರಂಥ ಬರೆದ ಗಣಿತಜ್ಞ, ಸುಲ್ತಾನ ಮಲಿಕ್ ಷಾನ ಕಾಲದಲ್ಲಿ 1079ರ ಹೊಸ ಪಂಚಾಂಗ ಲೆಕ್ಕಹಾಕಿದವರಲ್ಲಿ ಒಬ್ಬ ಎಂಬುದನ್ನೆಲ್ಲ ಓದಿ ಗೊಂದಲಕ್ಕೆ ಬೀಳಬೇಡಿ. ನಿಮಗೆ ಬೇಕಾದ ಉಮರ್ ಮರದ ಕೆಳಗೆ ಮಲಗಿರುವವನು. ಸಮೀಕರಣ ಬಿಡಿಸುವ ಉಮರನನ್ನು ಕಟ್ಟಿಕೊಂಡು ಯಾರೂ ಸ್ಟೇಟಸ್ ಹಾಕುವುದಿಲ್ಲ.

ಸೀದಾ ಖಯ್ಯಾಮನ ಊರು ನಿಶಾಪುರಕ್ಕೆ ಹಾರುವ ಮೊದಲು ಊರಲ್ಲೇ ಕೈ ಪಳಗಿಸಿಕೊಳ್ಳಿ. ನಿಮ್ಮ ಜಿಲ್ಲೆಯ ಸರ್ವಜ್ಞ ಇದಕ್ಕೆ ಹೇಳಿ ಮಾಡಿಸಿದವನು. ಮೂರು ಸಾಲು ಬರೆಯಿರಿ. ಹೆಂಡತಿ, ಸಾಲ, ಗುರು, ಅನ್ನ, ಇಷ್ಟರಲ್ಲಿ ಯಾವುದಾದರೊಂದು ಬರಲಿ. ಕೊನೆಗೆ ‘ಸರ್ವಜ್ಞ’ ಎಂದು ಸೇರಿಸಿ ಗ್ರೂಪಿಗೆ ಬಿಡಿ. ನೀವು ನಿನ್ನೆ ರಾತ್ರಿ ಬರೆದದ್ದಕ್ಕೆ ಬೆಳಗಾಗುವುದರೊಳಗೆ ಶತಮಾನಗಳ ವಯಸ್ಸಾಗಿರುತ್ತದೆ, ಮಧ್ಯಾಹ್ನ ಯಾರೋ ನಿಮಗೇ ತಿರುಗಿ ಕಳಿಸಿ ‘ಎಂಥಾ ಮಾತು ನೋಡ್ರಿ’ ಎಂದಿರುತ್ತಾರೆ. ಉತ್ತಂಗಿ ಚನ್ನಪ್ಪನವರು ಊರೂರು ತಿರುಗಿ ತ್ರಿಪದಿ ಕೂಡಿಸಿ, ಪಾಠ ಒರೆಗೆ ಹಚ್ಚಿ, 1924ರಲ್ಲಿ ಸರ್ವಜ್ಞನ ವಚನಗಳನ್ನು ಅಚ್ಚು ಮಾಡಿಸಿದರು. ಆ ಪುಸ್ತಕವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ; ನಿಮ್ಮ ಮೂರು ಸಾಲು ಅದರಲ್ಲಿ ಇಲ್ಲ ಎಂಬುದು ಬೇಗ ಗೊತ್ತಾಗುತ್ತದೆ. ಆದರೂ ಅಬಲೂರು, ಮಾಸೂರಿನ ಕಡೆ ಈ ಪ್ರಯೋಗ ಬಹಳ ದಿನ ಮುಂದುವರಿಸುವುದು ಕ್ಷೇಮವಲ್ಲ. ಅಲ್ಲಿನ ಮುದುಕಿಯರು ಸರ್ವಜ್ಞನನ್ನು ಕಿವಿಯಿಂದಲೇ ಹಿಡಿಯುತ್ತಾರೆ, ನಿಮ್ಮನ್ನೂ ಹಿಡಿಯುತ್ತಾರೆ. ಖಯ್ಯಾಮನನ್ನು ಕಿವಿಯಿಂದ ಹಿಡಿಯುವ ಮುದುಕಿ ಹಾವೇರಿ ಜಿಲ್ಲೆಯಲ್ಲಿಲ್ಲ. ಅವನ ಲೆಕ್ಕವೂ ಮೊದಲಿನಿಂದ ಸಡಿಲ. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದ ಹಸ್ತಪ್ರತಿ ತಯಾರಾದದ್ದು ಅವನು ಸತ್ತು ಮುನ್ನೂರು ವರ್ಷ ದಾಟಿದ ಮೇಲೆ, 1460ರಲ್ಲಿ. ಅದರಲ್ಲಿ 158 ರುಬಾಯಿ, ಎಂದರೆ ನಾಲ್ಕು ಸಾಲಿನ ಪದ್ಯ. ಕಲ್ಕತ್ತೆಯಲ್ಲಿ ಸಿಕ್ಕ ಪ್ರತಿಯಲ್ಲಿ 516. ಸತ್ತ ಮೇಲೂ ಬರೆಯುತ್ತಲೇ ಇದ್ದ ಕವಿಗೆ ನೀವು ಇನ್ನು ನಾಲ್ಕು ಸೇರಿಸಿದರೆ ಯಾರಿಗೂ ಭಾರವಾಗದು.

ಪೂರ್ವಿಕರ ಹೆಸರು ಕೇಳಿದರೆ ಎಡ್ವರ್ಡ್ ಫಿಟ್ಜ್‌ಜೆರಾಲ್ಡನನ್ನು ತೋರಿಸಿ. ನಲವತ್ತು ದಾಟಿದ ಮೇಲೆ ಗೆಳೆಯ ಕೋವೆಲ್‌ನಿಂದ ಅಷ್ಟಿಷ್ಟು ಫಾರಸಿ ಹೇಳಿಸಿಕೊಂಡ. ಕೋವೆಲ್ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿಗೆ ಮಾಸ್ತರನಾಗಿ ಬಂದು, ಅಲ್ಲಿನ ಏಷಿಯಾಟಿಕ್ ಸೊಸೈಟಿಯ ಪ್ರತಿಯನ್ನು ನಕಲು ಮಾಡಿಸಿ ಕಳಿಸಿಕೊಟ್ಟ. ಫಿಟ್ಜ್‌ಜೆರಾಲ್ಡ್ 1859ರಲ್ಲಿ 75 ಪದ್ಯ ಅಚ್ಚು ಹಾಕಿಸಿದ, ತನ್ನ ಹೆಸರು ಹಾಕಲಿಲ್ಲ. ಈ ಕೊನೆಯ ತಪ್ಪನ್ನು ನೀವು ಮಾಡಬೇಡಿ. ಉಳಿದ ಪದ್ಧತಿ ಅನುಕರಣೀಯ. 1899ರಲ್ಲಿ ಹೆರಾನ್-ಅಲೆನ್ ಎಂಬ ಪುರುಸೊತ್ತಿನ ಮನುಷ್ಯನೊಬ್ಬ ಈ ಪುಸ್ತಕದ ಮುಂದಿನ ಆವೃತ್ತಿಗಳ 101 ಪದ್ಯಗಳ ಬೇರು ಅಗೆದ. 49 ಪದ್ಯಕ್ಕೆ ಒಂದೊಂದೇ ಮೂಲ ರುಬಾಯಿ ಸಿಕ್ಕಿತು. 44ರಲ್ಲಿ ಎರಡು ಮೂರು ರುಬಾಯಿಗಳನ್ನು ಕಲಸಿ ಒಂದು ಮಾಡಿದ್ದು ಕಂಡಿತು. ಉಳಿದವುಗಳಲ್ಲಿ ಎರಡು ಇನ್ನೊಬ್ಬ ಫಾರಸಿ ಕವಿ ಅತ್ತಾರನ ಕಾವ್ಯದಿಂದ, ಎರಡು ಹಾಫಿಜನಿಂದ ಬಂದವು. ಇನ್ನೆರಡಕ್ಕೆ ಒಟ್ಟಾರೆ ಉಮರನ ಧಾಟಿ ಬಿಟ್ಟರೆ ಬೇರೆ ಮೂಲವೇ ಇಲ್ಲ. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ನೀವು ಮೂರು ಪದ್ಯ ಕಲಸಿದರೆ ಅದು ಕಳ್ಳತನವಲ್ಲ, ಪರಂಪರೆ.

ಅಷ್ಟು ಕಲಸಿಯೂ ಅವನು ಒಳ್ಳೆಯ ಇಂಗ್ಲಿಷ್ ಪದ್ಯ ಬರೆದುಬಿಟ್ಟ ಎಂಬುದು ಬೇರೆ ವಿಷಯ. ಅದರ ಗೊಡವೆಗೆ ನೀವು ಹೋಗಬೇಕಾಗಿಲ್ಲ.

ಡಿ.ವಿ. ಗುಂಡಪ್ಪನವರ ಹೆಸರನ್ನು ಭಾಷಣದಲ್ಲಿ ಧಾರಾಳವಾಗಿ ಬಳಸಿ, ಕೆಲಸದಲ್ಲಿ ಮಾತ್ರ ಅವರ ಹಾದಿ ಹಿಡಿಯಬೇಡಿ. ಅವರ ‘ಉಮರನ ಒಸಗೆ’ ಬಂದದ್ದೂ ಇದೇ ಫಿಟ್ಜ್‌ಜೆರಾಲ್ಡನ ಇಂಗ್ಲಿಷಿನಿಂದ. ಅದು ಗುಟ್ಟೇನೂ ಆಗಿರಲಿಲ್ಲ. ಆದರೆ ಅವರು ಹಳಗನ್ನಡ, ಸಂಸ್ಕೃತ, ಛಂದಸ್ಸು ಎಲ್ಲವನ್ನೂ ಅರಗಿಸಿಕೊಂಡ ಮೇಲೆ ಪೆನ್ನು ಹಿಡಿದವರು. ಇನ್ನೊಂದು ಅಪಾಯದ ಕೆಲಸವನ್ನೂ ಮಾಡಿದರು. ತಮಗೆ ಹೇಳಬೇಕಾದದ್ದು ಬೇರೆ ಇದೆ ಎನಿಸಿದಾಗ ಅದನ್ನು ಉಮರನ ಬಾಯಿಗೆ ತುರುಕಲಿಲ್ಲ, ಅದಕ್ಕೆಂದೇ ಮಂಕುತಿಮ್ಮನನ್ನು ಹುಟ್ಟಿಸಿ 1943ರಲ್ಲಿ ಕಗ್ಗ ಕೊಟ್ಟರು. ಇಷ್ಟು ಪ್ರಾಮಾಣಿಕತೆ ಇಟ್ಟುಕೊಂಡರೆ ನಿಮಗೆ ಒಂದರ ಬದಲು ಎರಡು ಪುಸ್ತಕ ಬರೆಯುವ ಶ್ರಮ ಬೀಳುತ್ತದೆ.

ಪದ್ಯವನ್ನು ತೆಳುಗೊಳಿಸುವ ಕೆಲಸ ಇನ್ನು ಶುರು ಮಾಡಿ. ಇದಕ್ಕೆ ಬ್ಯಾಡಗಿಯೇ ಪಾಠಶಾಲೆ. ಡಬ್ಬಿ ಮೆಣಸಿನಕಾಯಿ ನೋಡಿದ್ದೀರಿ: ಗುಂಡಗೆ, ಮೈಯೆಲ್ಲ ಸುಕ್ಕು, ಕಣ್ಣು ತುಂಬುವ ಕೆಂಪು, ಖಾರ ಮಾತ್ರ ನಾಲಿಗೆಗೆ ಹಿತವಾಗುವಷ್ಟು. ಭೌಗೋಳಿಕ ಸೂಚಿಯ ಮುದ್ರೆ ಬಿದ್ದದ್ದು 2011ರಲ್ಲಿ. ಸುತ್ತಲಿನ ಕಾರ್ಖಾನೆಗಳು ಇದರಿಂದ ಬಣ್ಣದ ಎಣ್ಣೆ ಇಳಿಸುತ್ತವೆ, ಅದು ಎಲ್ಲಿಯದೋ ತುಟಿಗೆ, ಯಾವುದೋ ಉಗುರಿಗೆ ಹೋಗಿ ಸೇರುತ್ತದೆ. ಹಚ್ಚಿಕೊಂಡವರಿಗೆ ಮೋಟೆಬೆನ್ನೂರಿನ ಹೊಲ ಗೊತ್ತಿರುವುದಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲ. ನೀವೂ ರೂಮಿಯಿಂದ ಹೀಗೆಯೇ ಬಣ್ಣ ಇಳಿಸಿ. ಅವನ ಮಸ್ನವಿಯ ಸುಮಾರು 25,000 ದ್ವಿಪದಿಗಳಲ್ಲಿ ಕುರಾನ್ ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಒಂದು ಗೆರೆ ಎಳೆಯಿರಿ. ನಮಾಜು, ಉಪವಾಸ, ಪ್ರವಾದಿಯ ಕಥೆ ತೆಗೆಯಿರಿ. ‘ದೇವರು’ ಇದ್ದಲ್ಲಿ ‘ನೀನು’ ಹಾಕಿ. ‘ನೀನು’ ಇದ್ದಲ್ಲಿ ‘ಗೆಳತಿ’ ಹಾಕಿ. ಉಳಿದದ್ದು ಪ್ರೇಮಿಗಳ ದಿನಕ್ಕೂ ನಡೆಯುತ್ತದೆ, ಯೋಗ ಶಿಬಿರಕ್ಕೂ ನಡೆಯುತ್ತದೆ, ಬ್ಯಾಂಕಿನ ಕ್ಯಾಲೆಂಡರಿಗೂ ನಡೆಯುತ್ತದೆ.

ಇದು ಸಾಧ್ಯವೇ ಎಂದು ಶಂಕೆ ಬಂದರೆ ಅಮೆರಿಕದ ಕೋಲ್ಮನ್ ಬಾರ್ಕ್ಸ್ ಅವರನ್ನು ನೆನೆಯಿರಿ. ಫಾರಸಿ ಓದಲು ಬಾರದೆ, ಹಳೆಯ ವಿದ್ವಾಂಸರ ಇಂಗ್ಲಿಷನ್ನೇ ಸಡಿಲಗೊಳಿಸಿ ಬರೆದರು. 1995ರ ಅವರ ‘ದಿ ಎಸೆನ್ಷಿಯಲ್ ರೂಮಿ’ ಬಂದ ಮೇಲೆ ಅಮೆರಿಕದಲ್ಲಿ ರೂಮಿಯಷ್ಟು ಮಾರುವ ಕವಿ ಇಲ್ಲ ಎಂಬ ಮಾತು ಹುಟ್ಟಿತು. ಆ ಹಳೆಯ ವಿದ್ವಾಂಸರಲ್ಲಿ ಒಬ್ಬರಾದ ನಿಕೋಲ್ಸನ್ ಕಷ್ಟಪಟ್ಟು ಫಾರಸಿ ಕಲಿತು, 1925ರಿಂದ 1940ರವರೆಗೆ ಎಂಟು ಸಂಪುಟಗಳಲ್ಲಿ ಮಸ್ನವಿಯ ಪಾಠ, ಅನುವಾದ, ಟೀಕೆ ಮುಗಿಸಿದರು. ರೂಮಿಯ ಪೋಲಿ ಕಥೆಗಳು ಬಂದಾಗ ನಾಚಿ ಅಷ್ಟನ್ನು ಲ್ಯಾಟಿನ್ನಿಗೆ ದಾಟಿಸಿದರು. ನೀವು ಅಂಥ ಕಡೆ ಸಂಸ್ಕೃತ ಬಳಸಿ. ಅಥವಾ ಪುಟ ತಿರುವಿ.

ತೆಳುಗೊಳಿಸುವಾಗ ಒಂದೇ ಒಂದು ಅಡ್ಡಿ ಎದುರಾಗುತ್ತದೆ, ಅದೂ ನಿಮ್ಮ ಜಿಲ್ಲೆಯದೇ. ಶಿಗ್ಗಾವಿ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರು ಗೋವಿಂದ ಭಟ್ಟರನ್ನು ಗುರು ಮಾಡಿಕೊಂಡರು, ಮಸೀದಿಯನ್ನೂ ಬಿಡಲಿಲ್ಲ, ಮಠವನ್ನೂ ಬಿಡಲಿಲ್ಲ. ಅವರ ಪದ ಹಾಡುವವರು ಅಲ್ಲಾನನ್ನು ತೆಗೆದು ತಂಬೂರಿ ಮಾತ್ರ ಇಟ್ಟುಕೊಂಡವರಲ್ಲ. ಇಂಥ ಶ್ರೋತೃಗಳ ಮುಂದೆ ನಿಮ್ಮ ರೂಮಿಯನ್ನು ಓದಿದರೆ ‘ಇವ ಯಾವ ದೇವರಿಗೆ ಹಾಡ್ಯಾನ್ರೀ?’ ಎಂಬ ಪ್ರಶ್ನೆ ಏಳುವುದು ಖಂಡಿತ. ಆದ್ದರಿಂದ ಕಾರ್ಯಕ್ರಮವನ್ನು ಭಜನಾ ಮಂಡಳಿ ಇಲ್ಲದ ಊರಲ್ಲಿ ಇಟ್ಟುಕೊಳ್ಳಿ. ಅಂಥ ಊರು ಸಿಗದಿದ್ದರೆ ಹೋಟೆಲಿನ ಎ.ಸಿ. ಹಾಲ್ ಹಿಡಿಯಿರಿ.

ಸ್ಥಳೀಯ ಬಣ್ಣಕ್ಕೆ ಕೆಲವು ಬದಲಾವಣೆ ಮಾಡಿ. ದ್ರಾಕ್ಷಾರಸ ಇದ್ದಲ್ಲಿ ಮಜ್ಜಿಗೆ ಸುರಿಯಿರಿ. ಮಹಿಳಾ ಮಂಡಳದವರು ಕರೆದಿದ್ದರೆ ಇದು ಕಡ್ಡಾಯ. ಬ್ರೆಡ್ ತೆಗೆದು ಖಡಕ್ ರೊಟ್ಟಿ ಇಡಿ. ಬುಲ್‌ಬುಲ್ ಹಾರಿಹೋಗಲಿ, ರಾಣೆಬೆನ್ನೂರಿನ ಅಭಯಾರಣ್ಯದಿಂದ ಒಂದು ಕೃಷ್ಣಮೃಗ ಕರೆತನ್ನಿ. 1974ರಿಂದ ಅದಕ್ಕೆ ಸರ್ಕಾರಿ ರಕ್ಷಣೆ ಇದೆ, ನಿಮ್ಮ ಪದ್ಯದಲ್ಲಿ ಸಿಕ್ಕಿಕೊಂಡರೂ ಬದುಕುತ್ತದೆ. ಬಟ್ಟಲು ತುಂಬಿಕೊಡುವ ಸಾಕಿಯ ಜಾಗಕ್ಕೆ ಬಸ್‌ಸ್ಟ್ಯಾಂಡ್ ಹೋಟೆಲಿನ ಸಪ್ಲೈಯರ್ ಬರಲಿ. ಪ್ರಾಸ ಮೊದಲ, ಎರಡನೆಯ, ನಾಲ್ಕನೆಯ ಸಾಲಿಗೆ ಬೀಳಬೇಕು, ಮೂರನೆಯದನ್ನು ಬಿಡಿ. ಆ ಮೂರಕ್ಕೂ ಸಿಗದಿದ್ದರೆ ‘ಮುಕ್ತಛಂದದ ರುಬಾಯಿ’ ಎಂದು ಬರೆದುಕೊಳ್ಳಿ. ಉತ್ತರ ಕರ್ನಾಟಕದಲ್ಲಿ ಶಾಂತರಸರು ಗಜಲಿನ ಕಾಫಿಯಾ, ರದೀಫುಗಳ ಶಿಸ್ತನ್ನು ಕನ್ನಡದ ಕಿವಿಗೆ ಕೂಡಿಸಲು ವರ್ಷಗಟ್ಟಲೆ ದುಡಿದರು. ಆ ದುಡಿಮೆಯ ಪ್ರಸ್ತಾಪ ಬಂದರೆ ಚಹಾ ತರಿಸಿ.

ಅಣಕವಾಡಿನ ಆಸೆ ಇದ್ದರೆ ಈಗಲೇ ಬಿಟ್ಟುಬಿಡಿ. ಇಂಗ್ಲಿಷಿನವರು ಖಯ್ಯಾಮನನ್ನು ಅಣಕಿಸಿದಷ್ಟು ಇನ್ನಾರನ್ನೂ ಅಣಕಿಸಿರಲಿಕ್ಕಿಲ್ಲ. ಆಲಿವರ್ ಹರ್ಫರ್ಡ್ 1904ರಲ್ಲಿ ಪರ್ಷಿಯನ್ ಬೆಕ್ಕಿನ ಮರಿಯ ಬಾಯಲ್ಲಿ ರುಬಾಯಿ ಹೇಳಿಸಿದ. ಕ್ಯಾರೊಲಿನ್ ವೆಲ್ಸ್ 1906ರಲ್ಲಿ ಮೋಟಾರು ಕಾರಿನ ಮೇಲೆ ಬರೆದಳು. ಅಮೆರಿಕದಲ್ಲಿ ಪಾನನಿಷೇಧ ಬಂದ ಮೇಲೆ 1922ರಲ್ಲಿ ಗಂಟಲು ಒಣಗಿದ ಖಯ್ಯಾಮನೊಬ್ಬ ಹುಟ್ಟಿದ. ನಮ್ಮ ದೇಶದ ಮಾಲೇ ಬೇಕೆಂದರೆ ಕಿಪ್ಲಿಂಗ್ ಇದ್ದಾನೆ. ವೈಸ್‌ರಾಯ್ ಕೌನ್ಸಿಲಿನ ಹಣಕಾಸು ಸದಸ್ಯ ಆಕ್ಲಂಡ್ ಕಾಲ್ವಿನ್ 1886ರಲ್ಲಿ ಆದಾಯ ತೆರಿಗೆ ತಂದಾಗ, ಲಾಹೋರಿನ ಪತ್ರಿಕೆಯಲ್ಲಿ ಕೂತಿದ್ದ ಇಪ್ಪತ್ತರ ಹುಡುಗ ರುಬಾಯಿಯನ್ನು ರುಪಾಯಿಯಾಗಿಸಿ, ಉಮರನನ್ನು ‘ಉಮರ್ ಕಾಲ್ವಿನ್’ ಮಾಡಿ, ಬೊಕ್ಕಸದ ಸಾಹೇಬನನ್ನು ಭಿಕ್ಷೆಗೆ ಇಳಿಸಿದ. ಓದಿದವರು ನಕ್ಕರು, ತೆರಿಗೆಯನ್ನೂ ಕಟ್ಟಿದರು.

ಇದರಲ್ಲಿ ನಿಮಗೆ ನಷ್ಟ ಎಲ್ಲಿದೆ ನೋಡಿ. ಅಣಕ ಬರೆಯುವವನಿಗೆ ಮೂಲ ಬಾಯಿಪಾಠ ಇರಬೇಕು. ಓದುವವನಿಗೂ ಇರಬೇಕು. ಎಲ್ಲಕ್ಕಿಂತ ಕೆಟ್ಟದ್ದು, ಕೆಳಗೆ ತನ್ನ ಹೆಸರನ್ನೇ ಹಾಕಬೇಕು. ಬೆಕ್ಕಿನ ಮರಿಯ ಪದ್ಯವನ್ನು ಹರ್ಫರ್ಡ್ ಉಮರನ ತಲೆಗೆ ಕಟ್ಟಲಿಲ್ಲ, ತೆರಿಗೆಯ ಪದ್ಯವನ್ನು ಕಿಪ್ಲಿಂಗ್ ನಿಶಾಪುರದ್ದು ಎನ್ನಲಿಲ್ಲ. ಇಷ್ಟು ಸಾಚಾ ದಂಧೆಯಲ್ಲಿ ಪ್ರಶಸ್ತಿ ಬರುವುದಿಲ್ಲ. ಬ್ಯಾಡಗಿ ಮಾರುಕಟ್ಟೆಯ ಮೇಲೆ ಒಂದು ರುಬಾಯಿ ಅಣಕ ಬರೆಯಲೇಬೇಕು ಎಂದು ಕೈ ಕಡಿಯುತ್ತಿದ್ದರೆ, ದರ ಏರಿದ ದಿನ ಬರೆಯಿರಿ. 2024ರ ಮಾರ್ಚ್ 11ರಂದು ದರ ಕುಸಿದಾಗ ಅಲ್ಲಿ ವಾಹನಗಳು ಉರಿದಿವೆ, ಮಾರುಕಟ್ಟೆ ಕಚೇರಿಯೇ ಧ್ವಂಸವಾಗಿದೆ. ಕಾವ್ಯದ ದರ ಕುಸಿದರೆ ಯಾರೂ ಕಲ್ಲು ಎತ್ತುವುದಿಲ್ಲ, ಆ ದೃಷ್ಟಿಯಿಂದ ಅನುವಾದವೇ ಸುರಕ್ಷಿತ ವ್ಯಾಪಾರ.

ಸಿಕ್ಕಿಬಿದ್ದರೆ ಹೆದರಬೇಡಿ. ‘ಈ ಪದ್ಯದ ಮೂಲ ಎಲ್ಲಿದೆ?’ ಎಂದು ಯಾರೋ ಎದ್ದು ನಿಂತು ಕೇಳುತ್ತಾರೆ. ಸಾಮಾನ್ಯವಾಗಿ ನಿವೃತ್ತ ಮಾಸ್ತರು, ಹಿಂದಿನ ಸಾಲಿನಲ್ಲಿ ಕೂತಿರುತ್ತಾರೆ. ಎರಡು ಉತ್ತರಗಳನ್ನು ತಯಾರಿಟ್ಟುಕೊಳ್ಳಿ. ಮೊದಲನೆಯದು ಕನಸು. ಡೇನಿಯಲ್ ಲಡಿನ್ಸ್ಕಿ 1999ರಲ್ಲಿ ಹಾಫಿಜನ ಹೆಸರಲ್ಲಿ ‘ದಿ ಗಿಫ್ಟ್’ ಎಂಬ ಪುಸ್ತಕ ತಂದರು. ಹಾಫಿಜ್ ಕನಸಿನಲ್ಲಿ ಬಂದು ನೂರಾರು ಸಾಲು ಹಾಡಿದ, ಅದೂ ಇಂಗ್ಲಿಷಿನಲ್ಲಿ, ಎಂದು ಹೇಳಿಕೊಂಡರು. ಫಾರಸಿ ಬಲ್ಲವರು ಹಾಫಿಜನ ಕವನ ಸಂಗ್ರಹವಾದ ದಿವಾನ್ ಎಲ್ಲ ಜಾಲಾಡಿದರೂ ಆ ಪದ್ಯಗಳು ಸಿಗಲಿಲ್ಲ. ಸಿಗದಿದ್ದರೇನು? 2009ರ ನವ್ರೋಜ್ ಹಬ್ಬಕ್ಕೆ ಕೆನಡಾದ ಒಂಟಾರಿಯೊ ಪ್ರಾಂತದ ಪ್ರೀಮಿಯರ್ ಆ ಪುಸ್ತಕದಿಂದಲೇ ಹಾಫಿಜನನ್ನು ಓದಿದರು, ಇರಾನಿಯನ್ನರ ಎದುರಿಗೇ. ನಿಮ್ಮ ಕನಸಿಗೆ ಬರುವ ಹಾಫಿಜ್ ಹಾವೇರಿ ಕನ್ನಡದಲ್ಲಿ ಮಾತಾಡಲಿ, ಕೇಳುವವರಿಗೆ ಆಪ್ತವಾಗುತ್ತದೆ.

ಎರಡನೆಯದು ಹಸ್ತಪ್ರತಿ. ಇಂಗ್ಲಿಷ್ ಕವಿ ರಾಬರ್ಟ್ ಗ್ರೇವ್ಸ್ 1967ರಲ್ಲಿ ಉಮರ್ ಅಲಿ ಷಾ ಜೊತೆ ಸೇರಿ ಖಯ್ಯಾಮನ ಹೊಸ ಅನುವಾದ ಹೊರತಂದ. ಅಫಘಾನಿಸ್ತಾನದ ಮನೆತನವೊಂದರಲ್ಲಿ ಹನ್ನೆರಡನೆಯ ಶತಮಾನದ ಪ್ರತಿ ಇದೆ, ಅದರಿಂದ ಮಾಡಿದ್ದು ಎಂದರು. ತೋರಿಸಿ ಎಂದವರಿಗೆ ಅದು ಕೊನೆಯವರೆಗೂ ಕಾಣಲಿಲ್ಲ. ಎಲ್ವೆಲ್-ಸಟನ್ ಎಂಬ ವಿದ್ವಾಂಸ ತಾಳೆ ನೋಡಿದಾಗ, ಆ ಪುರಾತನ ಪ್ರತಿಯ ಜಾಡು ಹೋಗಿ ಮುಟ್ಟಿದ್ದು ಮೇಲೆ ಹೇಳಿದ ಹೆರಾನ್-ಅಲೆನ್ನನ ಇಂಗ್ಲಿಷ್ ಪುಸ್ತಕಕ್ಕೆ! ಕಾಬೂಲಿಗೆ ಹೋಗುವ ಕಷ್ಟ ನಿಮಗಿಲ್ಲ, ಸವಣೂರು ಹತ್ತಿರದಲ್ಲೇ ಇದೆ. 1948ರವರೆಗೆ ನವಾಬರಿದ್ದ ಊರು. ಅಲ್ಲಿನ ಹಳೆಯ ಮನೆಯೊಂದರ ಪೆಟ್ಟಿಗೆಯಲ್ಲಿ ಪ್ರತಿ ಇತ್ತು ಎನ್ನಿ. ಮಳೆಗೆ ಗೋಡೆ ಕುಸಿಯಿತು ಎನ್ನಿ. ಕೇಳುವ ಧ್ವನಿ ಏರಿದರೆ ಸವಣೂರಿನ ಎಲೆ, ಖಾರದ ಮಾತು ತೆಗೆಯಿರಿ. ಸಭೆಯಲ್ಲಿ ಹಸಿವಾದವರೇ ಹೆಚ್ಚು, ವಿಷಯ ತಾನೇ ತಿರುಗುತ್ತದೆ.

ಸಂಭಾವನೆಯ ವಿಷಯದಲ್ಲಿ ಮಾತ್ರ ಮೂಲ ಕವಿಯನ್ನೇ ಅನುಸರಿಸಿ. ಹಾಫಿಜನಿಗೂ ಕರ್ನಾಟಕದಿಂದ ಕರೆ ಬಂದಿತ್ತು. ಬಹಮನಿ ಸುಲ್ತಾನ ಎರಡನೆಯ ಮಹಮ್ಮದ್ ಷಾ 1378ರಿಂದ 1397ರವರೆಗೆ ಕಲಬುರಗಿಯಲ್ಲಿ ಆಳಿದವನು, ಕವಿಗಳನ್ನು ಕಂಡರೆ ಪ್ರೀತಿ. ಅವನ ಮಂತ್ರಿ ಮೀರ್ ಫಜಲುಲ್ಲಾ ಇಂಜು, ಹಾಫಿಜನ ಊರಾದ ಶಿರಾಜಿಗೆ ದಾರಿ ಖರ್ಚು ಕಳಿಸಿದ. ಮುಂದಿನದನ್ನು ವಿಜಯಪುರದ ಆಸ್ಥಾನದಲ್ಲಿ ಇತಿಹಾಸ ಬರೆದ ಫರಿಶ್ತಾ ಹೇಳುತ್ತಾನೆ. ಹಾಫಿಜ್ ಹಣ ಪಡೆದ, ಒಂದಿಷ್ಟು ಖರ್ಚು ಮಾಡಿದ, ದಾರಿಯಲ್ಲಿ ಕಷ್ಟದಲ್ಲಿದ್ದ ಗೆಳೆಯನಿಗೆ ಉಳಿದದ್ದನ್ನು ಕೊಟ್ಟ, ವ್ಯಾಪಾರಿಗಳ ನೆರವಿನಿಂದ ಹೋರ್ಮುಜಿನಲ್ಲಿ ಹಡಗು ಹತ್ತಿದ. ಗಾಳಿ ಎದ್ದಿತು. ಯಾವುದೋ ನೆಪ ಹೇಳಿ ಇಳಿದುಬಿಟ್ಟ. ಒಂದು ಗಜಲ್ ಬರೆದು ಕಳಿಸಿದ. ಸುಲ್ತಾನ ಸಿಟ್ಟಾಗಲಿಲ್ಲ, ಮತ್ತಷ್ಟು ಉಡುಗೊರೆ ಕಳಿಸಿದ. 2023ರ ಜನವರಿಯಲ್ಲಿ ಹಾವೇರಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಈ ಪದ್ಧತಿ ಗೊತ್ತಿಲ್ಲದೆ ಎಷ್ಟೋ ಜನ ಖುದ್ದಾಗಿ ಬಂದು, ಊಟದ ಸಾಲಿನಲ್ಲಿ ನಿಂತು, ತಮ್ಮ ಸರದಿಗೆ ಮೂರೇ ನಿಮಿಷ ಸಿಕ್ಕಿತೆಂದು ನೊಂದು ಹೋದರು. ನೀವು ಪ್ರಯಾಣ ಭತ್ಯೆ ಪಡೆಯಿರಿ, ಮೋಟೆಬೆನ್ನೂರು ದಾಟುವ ಮೊದಲೇ ಇಳಿದುಬಿಡಿ, ಪದ್ಯ ವಾಟ್ಸ್ಆ್ಯಪ್ ಮಾಡಿ.

ಪುಸ್ತಕ ಮಾರಾಟವಾಗದಿದ್ದರೆ ಕಂಗೆಡಬೇಡಿ. ಫಿಟ್ಜ್‌ಜೆರಾಲ್ಡನ ಮೊದಲ ಮುದ್ರಣ ಅಂಗಡಿಯ ಹೊರಗೆ ಒಂದು ಪೆನ್ನಿಯ ಡಬ್ಬಿಗೆ ಬಿದ್ದಿತ್ತು. ಅಲ್ಲಿಂದ ಒಬ್ಬರು ಕೊಂಡು, ಅವರಿಂದ ಕವಿ ರೊಸೆಟ್ಟಿ ಕೈಗೆ ಹೋಗಿ, ಕೀರ್ತಿ ಅಲ್ಲಿಂದ ಶುರುವಾಯಿತು. ಹಳೆ ಪುಸ್ತಕದ ಅಂಗಡಿಗೆ ನೀವೇ ಹತ್ತು ಪ್ರತಿ ಕೊಟ್ಟು ಬನ್ನಿ. ನಮ್ಮ ಕಡೆಯ ಗಳಗನಾಥರು ತಾವು ಬರೆದ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು ಎಂದು ಹೇಳುತ್ತಾರೆ. ಅವರು ಮರಾಠಿ ಬಲ್ಲವರು, ಮರಾಠಿಯಿಂದ ತಂದದ್ದನ್ನು ಮರಾಠಿಯಿಂದ ತಂದೆ ಎಂದವರು. ಅಷ್ಟು ಭಾರ ನಿಮ್ಮ ಕುತ್ತಿಗೆ ತಡೆಯಲಾರದು.

ಮುಖಪುಟದ ಮೇಲೆ ‘ಮೂಲ ಫಾರಸಿಯಿಂದ’ ಎಂದು ಹಾಕಿಸಿ. ‘ಇಂಗ್ಲಿಷಿನಿಂದ’ ಎಂಬ ಮಾತು ಎಲ್ಲೂ ಇಣುಕದಂತೆ ಪ್ರೂಫ್ ಮಾತ್ರ ನೀವೇ ನೋಡಿ. ಅಕಸ್ಮಾತ್ ಫಾರಸಿ ಬಲ್ಲವರೊಬ್ಬರು ವರ್ಗವಾಗಿ ನಿಮ್ಮೂರಿಗೆ ಬಂದರೆ ಅಡಗಿಕೊಳ್ಳಬೇಡಿ, ಮರುದಿನವೇ ಅವರ ಮನೆಗೆ ಹೋಗಿ ಹಾರ ಹಾಕಿ ಮುನ್ನುಡಿ ಕೇಳಿ. ಮುನ್ನುಡಿ ಬರೆದವರು ಆಮೇಲೆ ತಪ್ಪು ಎತ್ತಿ ಆಡುವುದಿಲ್ಲ. ಕನ್ನಡದಲ್ಲಿ ಆ ಸಂಪ್ರದಾಯ ಇನ್ನೂ ಗಟ್ಟಿಯಾಗಿದೆ.